ಬೀಳಲೆಂದು ಕಟ್ಟಿದ ವಿಮಾನ

ನದಿ ಊರನ್ನು ಬಿಟ್ಟು ತಿರುಗುವ ಕಡೆ ಒಂದು ಮಠ. ಮಠಕ್ಕೊಬ್ಬ ಅಜ್ಜ. ಅಜ್ಜನ ಬಾಯಿಗೆ ಕದವೂ ಇಲ್ಲ, ಅಗುಳಿಯೂ ಇಲ್ಲ.

ಬಂದವರನ್ನೆಲ್ಲ ಅವರು ಬೈಯುತ್ತಿದ್ದರು. ಕತ್ತೆ ಎನ್ನುವರು, ಕೋಣ ಎನ್ನುವರು. ಸಿಟ್ಟು ನೆತ್ತಿಗೇರಿದರೆ ಕೈಯಲ್ಲಿದ್ದ ಬೆತ್ತವನ್ನೂ ಬೀಸಿ ಒಗೆಯುವರು.

ಸುತ್ತಿನ ಹಳ್ಳಿಯವರು ಅದನ್ನೇ ಆಶೀರ್ವಾದವೆಂದು ತಿಳಿದಿದ್ದರು. ಮಗಳ ಮದುವೆ ಗೊತ್ತಾದರೆ, ಹೊಸ ಎತ್ತು ಕೊಂಡರೆ, ಬಾವಿಗೆ ನೀರು ಬಿದ್ದರೆ ಓಡಿ ಬಂದು ಅಜ್ಜನ ಮುಂದೆ ತಲೆ ತಗ್ಗಿಸಿ ನಿಂತು, ಹೊಟ್ಟೆತುಂಬ ಬೈಸಿಕೊಂಡು, ನಗುತ್ತ ಮನೆಗೆ ಹೋಗುವರು. ಬೈಗುಳ ಬೀಳದ ದಿನ ಮಾತ್ರ ಅವರ ಮುಖ ಬಾಡುತ್ತಿತ್ತು.

"ಇವತ್ತ ಅಜ್ಜಾರು ಏನೂ ಅನ್ಲಿಲ್ಲೋ ತಮ್ಮಾ. ಮುಂದ ಏನ್ ಕಾದೈತೋ ಏನೋ!"

ಆ ಮಠದಲ್ಲಿ ಅಜ್ಜ ಒಮ್ಮೆಯೂ ಬೈಯದ ಮನುಷ್ಯ ಒಬ್ಬನಿದ್ದ. ಅವರ ಶಿಷ್ಯ, ಶಿವಪುತ್ರ.

"ಶಿವಪುತ್ರಪ್ಪನವರ, ಸ್ನಾನ ಆತೇನ್ರಿ?" ಎಂದು ಕೇಳುವರು. "ಶಿವಪುತ್ರಪ್ಪನವರ, ಪ್ರಸಾದ ತಗೊಂಡ್ರೇನ್ರಿ?" ಎನ್ನುವರು. ಊರಿಗೆಲ್ಲ ಲೇ, ಇವನೊಬ್ಬನಿಗೆ ರೀ.

ಹೊಸಬರು ಕಂಡರೆ ಇದು ದೊಡ್ಡ ಮರ್ಯಾದೆ ಅಂದುಕೊಳ್ಳಬೇಕು. ಶಿವಪುತ್ರನಿಗೆ ಮಾತ್ರ ಕಪಾಳಕ್ಕೆ ಬಿಟ್ಟಂತೆ ಆಗುತ್ತಿತ್ತು. ಅವನು ಬಂದು ವರ್ಷಗಳೇ ಆಗಿದ್ದವು. ನರೆತ ತಲೆಯ ಗಂಡಸು, ಬೈಗುಳಕ್ಕಾಗಿ ಕಾಯುತ್ತ ಕೂತಿದ್ದ.

ದಾಸೋಹದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ದ್ಯಾಮವ್ವನಿಗೆ ಇದು ಗೊತ್ತಿತ್ತು.

"ನಿನ್ನ ಯಾಕ ಬೈತಾರೋ ಅವರು? ಹಸಿ ಗಡಿಗಿ ಆದ್ರ ಬಡದು ತಿದ್ದಬಹುದು. ನೀ ಮೊದಲ ಸುಟ್ಟ ಗಡಿಗಿ. ಬಡದ್ರ ಒಡೀತೈತಿ ಅಂತ ಬಿಟ್ಟಾರ," ಎಂದು ಅವಳು ನಗುವಳು.

ಅವಳಂದದ್ದು ಸುಳ್ಳಲ್ಲ. ಶಿವಪುತ್ರ ಸುಟ್ಟುಕೊಂಡೇ ಬಂದವನು.

ಹಿಂದೆ ಅವನು ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದ. ಹಂಟರ್ ಎಂಬ ಹಳೇ ಕಾಲದ ಯುದ್ಧವಿಮಾನ. ಒಬ್ಬನೇ ಕೂತು ಹಾರಿಸುವಂಥದು. ಅದರ ನಟ್ಟು ಬಿಗಿಯುವುದು, ಕೀಲು ಕೂಡಿಸುವುದು ಅವನ ಕೆಲಸ. ಅವನ ಕಾಲಕ್ಕಾಗಲೇ ಆ ವಿಮಾನಗಳಿಗೆ ಮುಪ್ಪು ಬಂದಿತ್ತು. ಮುದಿ ಎತ್ತನ್ನು ನೋಡಿಕೊಂಡಂತೆ ನೋಡಿಕೊಳ್ಳಬೇಕಾಗಿತ್ತು.

ಒಂದು ಬೆಳಿಗ್ಗೆ ಚನ್ನವೀರನೆಂಬ ಪೈಲಟ್ ಅವನು ಸಜ್ಜು ಮಾಡಿಕೊಟ್ಟ ವಿಮಾನ ಹತ್ತಿ ಹೋದ. ಮರಳಿ ಬರಲಿಲ್ಲ. ವಿಮಾನ ಊರಾಚೆಯ ಜೋಳದ ಹೊಲದಲ್ಲಿ ಮೂತಿ ಕೆಳಗಾಗಿ ಬಿದ್ದು ಉರಿದುಹೋಯಿತು.

ವಿಚಾರಣೆಯಾಯಿತು. ಪೈಲಟ್ ಹಿಡಿಯುವ ಹಿಡಿಕೆಯಿಂದ ಬಾಲದ ರೆಕ್ಕೆಯವರೆಗೆ ಹೊಟ್ಟೆಯೊಳಗೆ ಒಂದು ಸರಳು ಹೋಗುತ್ತದೆ. ಹಿಡಿಕೆ ಆಡಿಸಿದರೆ ಬಾಲದ ರೆಕ್ಕೆ ಆಡಬೇಕು, ಅದು ಆಡಿದರೆ ವಿಮಾನ ಏರಬೇಕು, ಇಳಿಯಬೇಕು. ಆ ಸರಳಿನ ಕೀಲು ಕಳಚಿದ್ದೇ ಕಾರಣವೆಂದು ತೀರ್ಮಾನವಾಯಿತು.

ಸರಳಿಗೆ ಕೀಲು ಎರಡು. ಮುಂದಿನದನ್ನು ಹಾಕಿದವನು ಶಿವಪುತ್ರ. ಹಿಂದಿನದನ್ನು ಹಾಕಿದವನು ಬೇರೊಬ್ಬ.

ಮುಂದಿನದೇ ಕಳಚಿತು ಎಂದರು. ಶಿವಪುತ್ರನನ್ನು ಕೆಲಸದಿಂದ ತೆಗೆದರು.

ಅಷ್ಟನ್ನು ಅವನು ಹೇಗೋ ನುಂಗಿಕೊಳ್ಳುತ್ತಿದ್ದನೇನೋ. ಆದರೆ ಅಂದು ಗೇಟಿನ ಹೊರಗೆ ಚನ್ನವೀರನ ತಾಯಿ ನೀಲಗಂಗವ್ವ ನಿಂತಿದ್ದಳು. ಅವನನ್ನು ಕಂಡವಳೇ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಎಲ್ಲರೆದುರು ಅವನ ಮೇಲೆ ತೂರಿದಳು.

"ನನ್ನ ಮಗನ್ನ ತಿಂದ ಕೈ ಅವು. ಸೇದಿ ಹೋಗಲಿ!"

ಕೈ ಸೇದಿ ಹೋಗಲಿಲ್ಲ. ಮಾತು ಮಾತ್ರ ಮಾಂಸದೊಳಗೆ ಮುರಿದ ಮುಳ್ಳಿನಂತೆ ಕೂತುಬಿಟ್ಟಿತು. ಹೆಂಡತಿಯ ಮೇಲೆ ರೇಗಿದ, ಅವಳು ತವರಿಗೆ ಹೋದಳು. ದಾಯಾದಿಗಳ ಮೇಲೆ ರೇಗಿದ, ಅವರು ಮಾತು ಬಿಟ್ಟರು. ಕೊನೆಗೆ ಮಠ ಸೇರಿದ. ಇಲ್ಲಿ ಕಣ್ಣು ಮುಚ್ಚಿ ಕೂತರೆ ಅವನಿಗೆ ಶಿವ ಕಾಣಲಿಲ್ಲ. ಕೀಲು ಕಾಣುತ್ತಿತ್ತು.

ಒಂದು ದಿನ ನದಿಯ ಮೆಟ್ಟಿಲ ಮೇಲೆ ಅಜ್ಜನ ಕಾವಿ ಹಿಂಡುತ್ತ ಹಿಂಡುತ್ತ, ಬಟ್ಟೆಯನ್ನೇ ಹರಿದುಬಿಡುವಂತೆ ತಿರುವಿದ.

"ಅಜ್ಜಾರ, ಆ ಕೀಲು ನಾ ಸರೀಗೇ ಹಾಕಿದ್ದೆ."

"ಹೌದ್ರೀ?"

"ತಪ್ಪು ನಂದಲ್ಲ. ನೀವಾದ್ರೂ ಒಂದ ಸಲ ಹೇಳ್ರಿ. ತಪ್ಪು ನಿಂದಲ್ಲಲೇ ಅಂತ ಹೇಳ್ರಿ."

"ನಾ ಹೆಂಗ ಹೇಳ್ಲಿ, ಶಿವಪುತ್ರಪ್ಪನವರ? ನಾ ಚಕ್ಕಡಿ ನೋಡೀನಿ, ದೋಣಿ ನೋಡೀನಿ. ನಿಮ್ಮ ವಿಮಾನ ನೋಡಿಲ್ಲ."

"ತೋರಿಸಿದ್ರ ಹೇಳ್ತೀರೇನ್ರಿ?"

"ತೋರಸ್ರಿ. ನೋಡೂಣಂತ."

ಅಜ್ಜ ಹೇಳಿದ್ದು ಏನೋ, ಇವನು ಹಿಡಿದದ್ದು ಏನೋ. ಶಿವಪುತ್ರ ಮರುದಿನವೇ ವಿಮಾನ ಕಟ್ಟಲು ಕಾಗದ ಹುಡುಕುತ್ತ ಹೊರಟ.

ಅವನ ತಲೆಯಲ್ಲಿ ಆ ವಿಮಾನ ತಿರುಪು ತಿರುಪಾಗಿ ಇತ್ತು. ನಿಜದ ವಿಮಾನದ ಒಂದಡಿಗೆ ಇಲ್ಲಿ ಅರ್ಧ ಇಂಚು ಎಂದು ಲೆಕ್ಕ ಹಿಡಿದ. ಹಾಗೆ ಮಾಡಿದರೆ ರೆಕ್ಕೆಯ ತುದಿಯಿಂದ ತುದಿಗೆ ಒಂದು ಮೊಳ ಆಗುತ್ತದೆ. ಹೊರ ಮೈಗೆ ಪೇಟೆಯಿಂದ ಡ್ರಾಯಿಂಗ್ ಹಾಳೆ ತಂದ. ಒಳಗಿನ ಪಕ್ಕೆಲುಬುಗಳಿಗೆ ದಪ್ಪ ರಟ್ಟು ಬೇಕು. ಅದಕ್ಕೆ ಅವನ ಕಣ್ಣು ಬಿದ್ದದ್ದು ಗದ್ದುಗೆಯ ಪಕ್ಕದ ಬುಟ್ಟಿಯ ಮೇಲೆ.

ಆ ಸೀಮೆಯಲ್ಲಿ ಮದುವೆಯ ಮೊದಲ ಲಗ್ನಪತ್ರಿಕೆಯನ್ನು ಗದ್ದುಗೆಗೆ ಇಟ್ಟು ಹೋಗುವ ರೂಢಿ. ಬುಟ್ಟಿಯ ತುಂಬ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದ ದಪ್ಪ ದಪ್ಪ ಪತ್ರಿಕೆಗಳು. ಶಿವಪುತ್ರ ಅವುಗಳಲ್ಲಿ ದುಂಡನೆಯ ಬಿಲ್ಲೆಗಳನ್ನು ಕತ್ತರಿಸಿ, ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ನಿಲ್ಲಿಸಿ, ಹುಣಸೆಬೀಜದ ಅಂಟು ಕಾಸಿ ಹಚ್ಚಿದ. ಮೀನಿನ ಮುಳ್ಳಿನಂತೆ ವಿಮಾನದ ಬೆನ್ನು ಎದ್ದಿತು.

ಹಾಳೆಯನ್ನು ಅಂಗೈಯ ಮೇಲಿಟ್ಟು, ಲಟ್ಟಣಿಗೆಯ ಹಿಡಿಯಿಂದ ಮೆಲ್ಲಗೆ ಉಜ್ಜಿ ಉಜ್ಜಿ ಬಾಗಿಸಬೇಕು. ಒಮ್ಮೆಲೇ ಮಡಚಿದರೆ ಗೆರೆ ಬೀಳುತ್ತದೆ. ಗೆರೆ ಬಿದ್ದರೆ ಮುಗಿಯಿತು, ಅದು ಮತ್ತೆ ಮಾಯುವುದಿಲ್ಲ. ಸಿಟ್ಟಿನ ಕೈಗೆ ಹೇಳಿಮಾಡಿಸಿದ ಕೆಲಸವಲ್ಲ ಅದು. ಎಷ್ಟೋ ಹಾಳೆ ಹಾಳಾದವು.

"ಅಡಿಗಿ ಮನ್ಯಾಗ ಹಿಟ್ಟು ನಾದು ಅಂದ್ರ ಕೈ ನೋಯ್ತಾವ. ಕಾಗದ ನಾದಾಕ ಬರ್ತಾವ. ನನ್ನ ಲಟ್ಟಣಿಗಿ ಕೊಡೋ!" ಎಂದಳು ದ್ಯಾಮವ್ವ.

"ಮುಟ್ಟಬ್ಯಾಡ! ಎಣ್ಣಿ ಕೈ ಹಚ್ಚಬ್ಯಾಡ ಅದಕ್ಕ!" ಎಂದು ಇವನು ಚೀರಿದ.

"ನನ್ನ ಲಟ್ಟಣಿಗಿಗೆ ನನ್ನ ಕೈ ಹಚ್ಚಬಾರದೇನು? ಚಲೋ ಆತು," ಎಂದು ಅವಳು ಅಂದು ಬರೀ ಕೈಯಲ್ಲೇ ಕಡುಬು ಮಾಡಿದಳು. ಇವನಿಗೆ ಮಾತ್ರ ನಿನ್ನೆಯ ಕಟಕ ರೊಟ್ಟಿ ಬಡಿಸಿದಳು.

ರೆಕ್ಕೆ ಮಾಡುವಾಗ ಇನ್ನೊಂದು ಫಜೀತಿಯಾಯಿತು. ಕತ್ತರಿಸಿ, ಬಾಗಿಸಿ, ಅಂಚು ಅಂಟಿಸಿ, ಎರಡನ್ನೂ ಬಿಸಿಲಿಗಿಟ್ಟು, ಒಣಗಿದ ಮೇಲೆ ಮೈಗೆ ಹಿಡಿದು ನೋಡಿದರೆ ಎರಡೂ ಎಡಗಡೆಯವು. ಉಬ್ಬು ಮೇಲೆ ಬರಬೇಕಾದದ್ದು ಬಲಗಡೆಗೆ ಹಿಡಿದರೆ ಕೆಳಗೆ ಬರುತ್ತದೆ. ಶಿವಪುತ್ರ ಅವೆರಡನ್ನೂ ಹಲ್ಲು ಕಚ್ಚಿ ಹರಿದು ಚೂರು ಮಾಡಿದ. ತಪ್ಪಾದದ್ದು ಒಂದು, ಹರಿದದ್ದು ಎರಡು.

ಅಜ್ಜ ಅತ್ತ ಬಂದವರು ಚೂರುಗಳನ್ನು ದಾಟಿ ನಿಂತರು.

"ಏನ್ರೀ ಶಿವಪುತ್ರಪ್ಪನವರ, ಹಾರತೈತೇನ್ರಿ ಇದು?"

"ಹಾರಾಕ ಮಾಡಾಕತ್ತಿಲ್ಲ ಅಜ್ಜಾರ. ಬೀಳಾಕ ಮಾಡಾಕತ್ತೀನಿ. ಹೆಂಗ ಬಿತ್ತು ಅಂತ ತೋರಸಾಕ."

"ಹಂಗೇನ್ರಿ," ಎಂದು ಅಜ್ಜ ನಡೆದರು.

ಹಂಗೇನ್ರಿ! ಒಂದು ಬೆತ್ತವನ್ನಾದರೂ ಬೀಸಬಾರದೆ!

ಆ ವಾರವೇ ಮಲಕಾಜಪ್ಪನೆಂಬ ಒಕ್ಕಲಿಗ ಬಂದ. ಮಗಳ ಪತ್ರಿಕೆಯನ್ನು ಗದ್ದುಗೆಗೆ ಇಟ್ಟು ಹೋಗಿದ್ದವನು, ಜಗಲಿಯ ಮೇಲಿನ ವಿಮಾನದ ಎಲುಬುಗೂಡಿನಲ್ಲಿ ಮಗಳ ಹೆಸರು ಕಂಡು ಹೌಹಾರಿದ. ಒಂದು ಬಿಲ್ಲೆಯ ಮೇಲೆ 'ಚಿ. ಸೌ.' ಉಳಿದಿತ್ತು. ಹೆಸರು ನಡುವೆ ತುಂಡಾಗಿತ್ತು.

"ನನ್ನ ಮಗಳ ಹೆಸರಿಗೆ ಕತ್ರಿ ಹಾಕೀಯಲ್ಲೋ! ಅಕ್ಕಿಕಾಳು ಬೀಳೂದರಾಗ ಇದೆಂಥಾ ಅಪಶಕುನ ಮಾಡ್ದಿ!"

"ಬುಟ್ಯಾಗ ಗೆದ್ದಲ ತಿಂತಿತ್ತು ಅದನ್ನ. ನಾ ತಗೊಂಡೆ. ಏನಾತೀಗ?"

"ಏನಾತು ಅಂತೀಯ? ಮಠದಾಗ ಇದ್ದಂವ ನೀ, ಹಿಂಗ ಮಾತಾಡ್ತೀಯ?"

"ಹಿಂಗ ಮಾತಾಡ್ತೀನಿ! ಹೋಗು, ಹೇಳ್ಕೊ ಹೋಗು!"

ಇಬ್ಬರೂ ಪಂಚೆ ಮೇಲಕ್ಕೆ ಕಟ್ಟಿದರು. ಗದ್ದಲಕ್ಕೆ ಅಜ್ಜ ಹೊರಬಂದರು. ಮಲಕಾಜಪ್ಪನತ್ತ ಬೆತ್ತ ಚಾಚಿದರು.

"ಲೇ ಕೋಣ! ಉಳಿದವರ ಹೆಣ್ಣುಮಕ್ಕಳು ಬಸ್ಸು ಹತ್ತಿ ಗಂಡನ ಮನಿಗೆ ಹೊಕ್ಕಾರ. ನಿನ್ನ ಮಗಳ ಹೆಸರು ವಿಮಾನ ಹತ್ತೇತಿ. ಅಳ್ತೀಯಲ್ಲಲೇ, ಎಮ್ಮಿ ಮಾರಿಯವನ! ನಡಿ ಇಲ್ಲಿಂದ!"

ಮಲಕಾಜಪ್ಪನ ಮುಖ ಅರಳಿತು. ಉದ್ದಕ್ಕೂ ಬಿದ್ದು ನಮಸ್ಕಾರ ಮಾಡಿ ಹೋದ.

ಅಜ್ಜ ಶಿವಪುತ್ರನ ಕಡೆ ತಿರುಗಿದರು. "ಕೆಲಸ ನಡೀಲ್ರಿ," ಎಂದರು.

ಶಿವಪುತ್ರನಿಗೆ ಅಳು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. ಸಿಟ್ಟೇ ಎಂದುಕೊಂಡ. ಅದು ಅವನಿಗೆ ರೂಢಿಯಲ್ಲಿದ್ದದ್ದು.

ಕೊನೆಗೂ ವಿಮಾನ ಮುಗಿಯಿತು. ಹೇಳಬೇಕಾದ್ದನ್ನು ಹೇಳಬೇಕು, ಕಂಡವರು ಕಣ್ಣು ತೆಗೆಯದಂತೆ ಮುಗಿಯಿತು. ಹಿಂದಕ್ಕೆ ಬಾಗಿದ ರೆಕ್ಕೆಗಳು, ಉದ್ದ ಮೂತಿ, ಬೆನ್ನ ಮೇಲೆ ಎದ್ದ ಬಾಲ. ಕತ್ತರಿಸಿದ ಅಂಚುಗಳ ಬಿಳುಪು ಕಾಣದಂತೆ ಒಂದೊಂದಕ್ಕೂ ಬಣ್ಣ ಹಚ್ಚಿದ್ದ. ಬಿದಿರುಕಡ್ಡಿಯ ಕಾಲು, ಸುತ್ತಿದ ಕಾಗದದ ಗಾಲಿ. ಹೊಟ್ಟೆಯ ಒಂದು ಮಗ್ಗುಲನ್ನು ಬಾಲದ ಕಡೆಗೆ ಕಿಟಕಿಯಂತೆ ತೆರೆದು ಬಿಟ್ಟಿದ್ದ. ಅದರೊಳಗೆ ಬಿದಿರು ಸೀಳಿನ ಸರಳು. ಸರಳಿಗೆ ಮುಂದೊಂದು, ಹಿಂದೊಂದು ಕೀಲು, ಎರಡಕ್ಕೂ ಹೊಟ್ಟೆಯ ಹೊರಗಿನಿಂದ ಚುಚ್ಚಿದ ಜಾಲಿಮುಳ್ಳು.

ಅಜ್ಜನ ಮುಂದೆ ಒಯ್ದಿಟ್ಟ.

"ಮುಂದಿನ ಮುಳ್ಳು ಎಳೀತೀನಿ, ನೋಡ್ರಿ. ಇದು ನಾ ಹಾಕಿದ್ದು. ಸರಳು ಜಗ್ಗಿತು, ಬಾಲದ ರೆಕ್ಕಿ ಮ್ಯಾಲ ಎದ್ದಿತು. ಹಂಗಾದ್ರ ವಿಮಾನ ಮೂತಿ ಮ್ಯಾಲ ಮಾಡಬೇಕು. ಹೌದಲ್ರಿ?"

"ಹೌದು."

"ಈಗ ಹಿಂದಿನದು. ರೆಕ್ಕಿ ಜೋತು ಬಿತ್ತು. ಅಂದ್ರ ಮೂತಿ ನೆಲಕ್ಕ. ಊರ ಮಂದಿ ಎಲ್ಲಾ ಏನ್ ನೋಡ್ಯಾರ? ಮೂತಿ ನೆಲಕ್ಕ ಹೋಗಿದ್ದನ್ನ ನೋಡ್ಯಾರ. ಹಂಗಾದ್ರ ಕಳಚಿದ್ದು ಯಾವ ಕೀಲು?"

ಅಜ್ಜ ಬಾಗಿ ನೋಡಿದರು. ತಾವೇ ಮುಳ್ಳು ಎಳೆದು, ಸಿಕ್ಕಿಸಿ, ಮತ್ತೆ ಎಳೆದು ನೋಡಿದರು.

"ಹಿಂದಿನದು. ತಪ್ಪು ನಿಮ್ಮದಲ್ಲ," ಎಂದರು.

ಶಿವಪುತ್ರ ಕಾದ. ಆ ಮಾತಿನ ಮುಳ್ಳು ಈಗ ಬಿದ್ದೀತು, ಈಗ ಎದೆ ಹಗುರಾದೀತು ಎಂದು ಕಾದ. ಏನೂ ಆಗಲಿಲ್ಲ. ಒಳಗೆ ಬೆಂಕಿ ಇದ್ದಂತೆಯೇ ಇತ್ತು.

"ಇಷ್ಟ ಹಗುರ ಹೇಳಿಬಿಟ್ರೇನ್ರಿ?"

"ಹೇಳು ಅಂದ್ರಿ, ಹೇಳಿದೆ. ಇನ್ನೂ ಯಾರು ಹೇಳಬೇಕ್ರಿ?"

ಬಾಯಿ ತಾನಾಗಿ ಆಡಿತು. "ಆ ಹುಡುಗನ ತಾಯಿ ಹೇಳಬೇಕು. ನನ್ನ ಮ್ಯಾಲ ಮಣ್ಣು ತೂರಿದಾಕಿ ಹೇಳಬೇಕು. ತಪ್ಪು ನಿಂದಲ್ಲಪಾ ಅಂತ ಆ ಬಾಯಿಂದನ ಬರಬೇಕು!"

"ಹಂಗಾದ್ರ ಅಕಿಗೇ ತೋರಸ್ರಿ," ಎಂದರು ಅಜ್ಜ. ಅಂದೇ ಒಬ್ಬ ಭಕ್ತನ ಕೈಯಲ್ಲಿ ವಿಭೂತಿ ಕೊಟ್ಟು ನೀಲಗಂಗವ್ವನ ಊರಿಗೆ ಕಳಿಸಿದರು.

ನೀಲಗಂಗವ್ವ ಬಂದಳು. ಬಸ್ಸಿನಿಂದಿಳಿದು, ಕೋಲೂರಿಕೊಂಡು, ದಾರಿಯುದ್ದಕ್ಕೂ ಬಿಸಿಲನ್ನೂ ಡ್ರೈವರನನ್ನೂ ಬೈಯುತ್ತ ಬಂದಳು. ಮುದುಕಿಯಾಗಿದ್ದಳು. ಸಿಟ್ಟಿಗೆ ಮಾತ್ರ ವಯಸ್ಸಾಗಿರಲಿಲ್ಲ.

"ಅಜ್ಜಾರು ಕರದ್ರು ಅಂತ ಬಂದೀನಿ. ಈ ಮಾರಿ ನೋಡಾಕಲ್ಲ," ಎಂದು ಶಿವಪುತ್ರನಿಗೆ ಬೆನ್ನು ಮಾಡಿ ಜಗಲಿಯ ಮೇಲೆ ಕೂತಳು.

ಶಿವಪುತ್ರ ಸುತ್ತು ಹಾಕಿ ಬಂದು ಅವಳೆದುರು ವಿಮಾನ ಇಟ್ಟ.

"ಅವ್ವಾರ, ನೀವು ನನಗ ಏನರ ಅನ್ರಿ. ಇದನ್ನ ಮೊದಲ ನೋಡ್ರಿ."

ಅವಳು ನೋಡಿದಳು. ಬೈಯಲು ತೆರೆದ ಬಾಯಿ ಹಾಗೇ ನಿಂತಿತು.

ಇವನು ಗರಿಕೆಯ ಕಡ್ಡಿಯೊಂದನ್ನು ಹಿಡಿದು ಶುರು ಮಾಡಿದ. ಸರಳು ಇದು, ಕೀಲು ಇದು, ನನ್ನದು ಇದು, ಆ ಇನ್ನೊಬ್ಬನದು ಅದು. ಮುಂದಿನ ಮುಳ್ಳು ಎಳೆದ. ಹಿಂದಿನ ಮುಳ್ಳು ಎಳೆದ. ರೆಕ್ಕೆ ಎದ್ದಿತು, ರೆಕ್ಕೆ ಬಿತ್ತು. ಎರಡೂ ಮುಳ್ಳು ಮತ್ತೆ ಸಿಕ್ಕಿಸಿದ. ಎಷ್ಟೋ ವರ್ಷ ಒಳಗೊಳಗೇ ಬಾಯಿಪಾಠ ಮಾಡಿದ್ದ ಮಾತು, ಎಲ್ಲೂ ತಡೆಯದೆ ಹೊರಗೆ ಬಂತು.

"ಈಗ ಹೇಳ್ರಿ ಅವ್ವಾರ, ಯಾವ ಕೀಲು?"

ನೀಲಗಂಗವ್ವ ಬಾಲದ ಕಡೆ ನೋಡುತ್ತಿರಲಿಲ್ಲ.

"ಇದ್ರಾಗ ನಮ್ಮ ಚನ್ನವೀರ ಎಲ್ಲಿ ಕುಂಡರತಿದ್ದ?" ಎಂದು ಕೇಳಿದಳು.

"ಇಲ್ಲಿರಿ," ಎಂದು ಮೂತಿಯ ಹಿಂದಿನ ನೀಲಿ ಗುಬ್ಬಟವನ್ನು ತೋರಿಸಿದ.

"ತೆಗಿ. ನೋಡ್ತೀನಿ."

"ಅದು ತೆಗಿಯಾಕ ಬರೂದಿಲ್ರಿ."

"ಯಾಕ?"

ನಿಜದ ವಿಮಾನದಲ್ಲಿ ಅಲ್ಲಿ ಗಾಜು ಇರುತ್ತದೆ. ಕಾಗದದಲ್ಲಿ ಗಾಜೆಲ್ಲಿಯದು? ನೀಲಿ ಕಾಗದ ಬಾಗಿಸಿ ಮೇಲೆ ಮುಚ್ಚಿ ಅಂಟಿಸಿದರೆ ಗಾಜಿನಂತೆ ಕಾಣುತ್ತದೆ. ಶಿವಪುತ್ರನೂ ಹಾಗೇ ಮಾಡಿದ್ದ.

"ಒಳಗ ಏನಿಲ್ರಿ ಅವ್ವಾರ. ಸುಮ್ಮ ಮುಚ್ಚಿದ್ದು ಅದು."

"ಏನಿಲ್ಲ?"

"ಏನಿಲ್ರಿ."

ಮುದುಕಿಯ ಕೋಲು ನೆಲಕ್ಕೆ ಬಡಿಯಿತು.

"ಗಾಲಿ ಮಾಡೀ. ಕೀಲು ಮಾಡೀ. ಅದರ ಮುಕಳ್ಯಾಗಿನ ಕಡ್ಡಿ ಸುದ್ದಾ ಬಿಟ್ಟಿಲ್ಲ. ನನ್ನ ಮಗನ್ನ ಕುಂಡರಸಾಕ ನಿನಗ ಒಂದ ಬೊಟ್ಟು ಜಾಗ ಸಿಗಲಿಲ್ಲೇನೋ?"

"ಅದಲ್ರಿ ನಾ ತೋರಸಾಕತ್ತಿದ್ದು!"

"ನಾ ಕೇಳಾಕತ್ತಿದ್ದು ಅದ!"

"ಬಾಲ ನೋಡ್ರಿ ಅಂದ್ರ!" ಶಿವಪುತ್ರನ ದನಿ ಮಠದ ಸೂರಿಗೆ ತಾಗಿತು. "ಎಷ್ಟ ಹೇಳಬೇಕು? ಬಾಲ ನೋಡ್ರಿ! ಬಾಲದಾಗ ಐತಿ ಎಲ್ಲಾ!"

"ಬಾಯಿ ಮುಚ್ಚಲೇ, ಕೋಣ!"

ಬೆತ್ತ ಬಂದು ಕಂಬಕ್ಕೆ ಬಡಿದು ಶಿವಪುತ್ರನ ಕಾಲ ಬಳಿ ಬಿತ್ತು. ಅಜ್ಜ ಎದ್ದು ನಿಂತಿದ್ದರು.

"ಹೆತ್ತಾಕಿ ಮಗನ್ನ ಕೇಳಾಕತ್ತಾಳ. ಬಾಲ ತೋರಸ್ತೀಯೇನಲೇ ಅಕಿಗೆ? ಬಾಲ?"

ಅಡುಗೆಮನೆಯ ಬಾಗಿಲಿಗೆ ಬಂದ ದ್ಯಾಮವ್ವ ಹಿಟ್ಟಿನ ಕೈಯಲ್ಲೇ ನಿಂತಳು.

ಇಷ್ಟು ವರ್ಷ ಬಯಸಿದ್ದು ಕೊನೆಗೆ ಬಂದಿತ್ತು. ಆಶೀರ್ವಾದದ ಹಾಗೆ ಏನೂ ಇರಲಿಲ್ಲ. ಕಿವಿ ಸುಟ್ಟಿತು, ಅಷ್ಟೆ.

ಶಿವ‌ಪುತ್ರ ಕೂತ. ಬ್ಲೇಡು ತೆಗೆದುಕೊಂಡ. ನೀಲಿ ಗುಬ್ಬಟದ ಬುಡಕ್ಕೆ ಹಚ್ಚಿ ಸುತ್ತಲೂ ಕೊಯ್ದ.

ಒಳಗೆ ಇಣುಕಿದವನ ಕೈ ನಿಂತುಬಿಟ್ಟಿತು.

ನಿಜದ ವಿಮಾನದಲ್ಲಿ ಸರಳು ಆಸನದ ಅಡಿಯಿಂದ ಹೋಗುತ್ತದೆ. ಕಾಗದದ ಹೊಟ್ಟೆ ಸಣ್ಣದು. ಸಲೀಸಾಗಿ ಆಡಲಿ ಎಂದು ಇವನು ಅದನ್ನು ನಟ್ಟನಡುವೆಯೇ ಹಾಯಿಸಿದ್ದ. ಮುಂದಿನ ಕೀಲು, ಅವನ ಕೀಲು, ಸರಿಯಾಗಿ ಚನ್ನವೀರ ಕೂರಬೇಕಾದ ಜಾಗದಲ್ಲಿತ್ತು.

ಆಸನ ಇಟ್ಟರೆ ಸರಳು ಇಲ್ಲ. ಸರಳು ಉಳಿಸಿದರೆ ಆಸನ ಇಲ್ಲ.

ಅವನು ಅಜ್ಜನನ್ನು ನೋಡಿದ. ಅಜ್ಜ ನದಿ ನೋಡುತ್ತಿದ್ದರು. ನೀಲಗಂಗವ್ವನನ್ನು ನೋಡಿದ. ಅವಳು ಆ ಸಣ್ಣ ಕುಳಿಯನ್ನು ನೋಡುತ್ತಿದ್ದಳು. ರೆಪ್ಪೆ ಹೊಡೆಯುತ್ತಿರಲಿಲ್ಲ.

ಸಿಟ್ಟು ಬಂತು. ಇದನ್ನು ಕಿತ್ತರೆ ನನ್ನ ಕೈಯಲ್ಲಿ ಉಳಿಯುವುದಾದರೂ ಏನು ಎಂಬ ಸಿಟ್ಟು. ಆ ಸಿಟ್ಟಿನಲ್ಲೇ ಎರಡು ಬೆರಳು ಒಳಗೆ ಹಾಕಿ ಸರಳನ್ನು ಹಿಡಿದು ಎಳೆದ.

ಸರಳು ಬಂತು. ಅದರ ಕೂಡ ಬಾಲದ ರೆಕ್ಕೆಯೂ ಕಿತ್ತು ಬಂತು. ಇನ್ನು ಆ ವಿಮಾನ ಹಿಡಿದು ಯಾರಿಗೂ ಏನನ್ನೂ ತೋರಿಸುವ ಹಾಗಿರಲಿಲ್ಲ.

ಅಳಿದುಳಿದ ಲಗ್ನಪತ್ರಿಕೆಯ ತುಂಡಿನಿಂದ ಆಸನ ಕತ್ತರಿಸಿದ. ಬೆನ್ನು ತುಸು ಹಿಂದಕ್ಕೆ ವಾಲುವಂತೆ ಮಡಚಿದ. ತನ್ನ ಪಂಚೆಯ ಅಂಚಿನಿಂದ ನೂಲು ಹಿರಿದು, ಹೆಗಲಿಗೆರಡು, ಸೊಂಟಕ್ಕೊಂದು ಪಟ್ಟಿ ಮಾಡಿ ಕಟ್ಟಿದ. ಅವನ ಕೈ ತನ್ನಷ್ಟಕ್ಕೆ ತಾನು ಕೆಲಸ ಮಾಡುತ್ತಿತ್ತು.

"ಇಷ್ಟ ಸಣ್ಣ ಜಾಗೇನು?" ಎಂದಳು ನೀಲಗಂಗವ್ವ.

"ಹೂಂನ್ರಿ. ಹೆಗಲು ಎರಡೂ ಕಡೆ ತಾಗ್ತಿದ್ವು."

"ಮನ್ಯಾಗ ಅಂವಗ ಪಡಸಾಲಿ ಪೂರ್ತಿ ಬೇಕಾಗ್ತಿತ್ತು ಮಲಗಾಕ." ಬೆರಳ ತುದಿಯಿಂದ ನೂಲು ಮುಟ್ಟಿದಳು. "ಇದೇನು?"

"ಬೆಲ್ಟ್. ಕುಂತ ಮ್ಯಾಲ ಬಿಗೀಬೇಕು."

"ಯಾರು ಬಿಗಿಯೂದು?"

"ಫಿಟ್ಟರ್ ಬಿಗೀತಾನ. ಏಣಿ ಮ್ಯಾಲ ನಿಂತು." ಶಿವಪುತ್ರ ನೂಲಿನ ಗಂಟು ಬಿಗಿದ. "ನಾನ ಬಿಗದಿದ್ದೆ."

"ಅವತ್ತ?"

"ಅವತ್ತ."

"ಅಂದ್ರ ನನ್ನ ಮಗನ್ನ ಕಡೀಗೆ ಮುಟ್ಟಿದಾಂವ ನೀನು."

"ಹೌದ್ರೀ."

ಅವನು ಇದನ್ನು ಯಾರಿಗೂ ಹೇಳಿರಲಿಲ್ಲ. ಕೀಲಿನ ಮಾತು ಬಿಟ್ಟು ಆ ದಿನದ ಬೇರೆ ಮಾತೇ ಅವನ ಬಾಯಲ್ಲಿ ಬಂದಿರಲಿಲ್ಲ.

"ಏನಂದ ಅಂವ? ಸುಳ್ಳ ಹೇಳಬ್ಯಾಡ. ನನಗ ಗೊತ್ತಾಗತೈತಿ."

"ನಕ್ಕರ್ರಿ. 'ಎಷ್ಟ ಬಿಗೀತೀಯೋ ಶಿವಪುತ್ರ, ನಾ ಏನ್ ಹಗ್ಗ ಹರಕೊಂಡ ಓಡೂ ಹೋರಿ ಏನು?' ಅಂದ್ರು."

"ಆಮ್ಯಾಲ?"

"'ನಮ್ಮವ್ವನೂ ಹಿಂಗ. ಸಾಲಿಗೆ ಕಳಸುವಾಗ ಅಂಗಿ ಗುಂಡಿ ಕೊಳ್ಳಿನ ಮಟಾ ಹಾಕಿ ಉಸರ ಕಟ್ಟಸ್ತಿದ್ದಳು' ಅಂದ್ರು."

"ಸುಳ್ಳ!" ನೀಲಗಂಗವ್ವ ಸಿಡಿದಳು. "ಮ್ಯಾಲಿನ ಗುಂಡಿ ಅಂವ ಎಂದ ಇಟಗೊಂಡಾನ? ನಾ ಹಾಕಿ ಕಳಸ್ತಿದ್ದೆ, ಮೂಲಿ ತಿರುಗೂದರಾಗ ಬಿಚ್ಚತಿದ್ದ, ಭಾಡ್ಯಾ! ಉಸರ ಕಟ್ಟಸ್ತಿದ್ದಳಂತ..."

ಸೆರಗು ಬಾಯಿಗೆ ಬಂತು. ಹೆಗಲು ಅಲುಗಿದವು. ನಗುತ್ತಿದ್ದಳೋ ಅಳುತ್ತಿದ್ದಳೋ ಎದುರಿಗೆ ಕೂತವನಿಗೂ ತಿಳಿಯಲಿಲ್ಲ. ಅವನಿಗೆ ತನ್ನ ಕಣ್ಣೇ ಸರಿಯಾಗಿ ಕಾಣುತ್ತಿರಲಿಲ್ಲ.

ಅವಳು ಸೆರಗಿನಿಂದಲೇ ಮುಖ ಒರೆಸಿಕೊಂಡಳು.

"ನನ್ನ ಸಿಟ್ಟು ಹೋಗಿಲ್ಲ. ತಿಳೀತಿಲ್ಲೋ?"

"ತಿಳೀತು, ಅವ್ವಾ."

"ಹೋಗೂದೂ ಇಲ್ಲ. ನನ್ನ ಕೂಡ ಮಣ್ಣಿಗೇ ಬರತೈತಿ ಅದು."

"ಹೂಂ."

"ಇದನ್ನ ನಾ ಒಯ್ತೀನಿ."

"ಒಯ್ಯಿರಿ. ಹಸಿ ತಾಗಸಬ್ಯಾಡ್ರಿ, ಕಾಗದ..."

"ನನಗ ಕಲಸಾಕ ಬರಬ್ಯಾಡ."

ದ್ಯಾಮವ್ವ ರೊಟ್ಟಿಯ ಬುಟ್ಟಿ ಖಾಲಿ ಮಾಡಿ, ಒಗೆದ ಅರಿವೆ ಹಾಸಿ ತಂದಳು. ಬಾಲದ ರೆಕ್ಕೆ ಇಲ್ಲದ ವಿಮಾನ ಅದರಲ್ಲಿ ಕೂತಿತು. ಶಿವಪುತ್ರ ಬುಟ್ಟಿ ಹೊತ್ತು ಬಸ್ಸಿನವರೆಗೆ ಹೋದ. ದಾರಿಯಲ್ಲಿ ಮುದುಕಿ ಕೇಳುತ್ತಲೇ ಇದ್ದಳು. ಅವತ್ತು ಏನು ತಿಂದಿದ್ದ? ಯಾರ ಕೂಡ ಮಾತಾಡುತ್ತಿದ್ದ? ಮೀಸೆ ಬಿಟ್ಟಿದ್ದನಂತೆ, ಹೌದೇನು? ಇವನು ಹೇಳುತ್ತಲೇ ಇದ್ದ. ಮೀಸೆಯ ಸುದ್ದಿಗೆ ಅವಳು ಮತ್ತೊಮ್ಮೆ ರೇಗಿದಳು. ಬಸ್ಸು ಬಂದಾಗ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ಪಕ್ಕದವನಿಗೆ "ಸರಕೊಂಡ ಕುಂಡ್ರು, ಮುಟ್ಟಬ್ಯಾಡ" ಎಂದು ಗದರಿಸಿ ಹೋದಳು.

ಶಿವಪುತ್ರ ಮರಳಿ ಬಂದ. ಉಂಡವರ ಎಲೆ ತೆಗೆದ. ಜಗಲಿಯ ಮೇಲಿನ ಕಾಗದದ ಚೂರು ಗುಡಿಸಿದ. ದ್ಯಾಮವ್ವನ ಲಟ್ಟಣಿಗೆ ತೊಳೆದು ಕೊಟ್ಟ. ಅವಳು ಬಿಸಿ ರೊಟ್ಟಿ ಹಾಕಿದಳು, ತಿಂದ. ಹೊತ್ತು ಇಳಿಯುವಾಗ ಅಜ್ಜನ ಕಾವಿ ತೆಗೆದುಕೊಂಡು ನದಿಗೆ ಹೋದ. ಅಜ್ಜ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು.

ಬಟ್ಟೆ ಅದ್ದಿದ, ಎತ್ತಿದ, ಹಿಂಡಿದ. ಹಿಂಡುತ್ತಿದ್ದವನು ಥಟ್ಟನೆ ನಿಂತ. ಮುಖಕ್ಕೆ ರಕ್ತ ನುಗ್ಗಿತು.

"ಅಜ್ಜಾರ!"

"ಏನಲೇ?"

"ಆ ಯವ್ವ ಹೇಳಲೇ ಇಲ್ಲಲ್ರಿ! ತಪ್ಪು ನಂದಲ್ಲ ಅಂತ ಹೇಳಲೇ ಇಲ್ಲ!"

ಅಜ್ಜ ನೀರಿನಿಂದ ಕಾಲು ತೆಗೆದರು.

"ನಿನಗದು ಈಗ ನೆನಪಾತೇನಲೇ?"